ಅಳತೆಯವಳ ತೂಕ

ನನ್ನ ಗಂಡ ದಿವಾಕರ ಈ ಊರಿನ ಅಳತೆಯವನಾಗಿದ್ದ. ಆರು ವರ್ಷ ಆ ಕೆಲಸ ಮಾಡಿದ. ಮೂರು ತಿಂಗಳಿಗೊಮ್ಮೆ ಹಳೆಯ ಕಾಳುಮಂಡಿಯ ಅಂಗಳದಲ್ಲಿ, ಹಿಂದೆ ಶೇಂಗಾ ಮೂಟೆ ತೂಗುತ್ತಿದ್ದ ಯಂತ್ರದ ಮೇಲೆ ಹೋಗಿ ನಿಲ್ಲುವುದಷ್ಟೇ ಕೆಲಸ. ಮುಳ್ಳು ಎಲ್ಲಿ ನಿಲ್ಲುತ್ತದೋ ಅದರ ಮೇಲೆ, ಒಂದು ಕಿಲೋ ಮೈತೂಕಕ್ಕೆ ಇಷ್ಟು ತಿಂದರೆ ಅಪಾಯವಿಲ್ಲ ಎಂಬ ಲೆಕ್ಕದಲ್ಲಿ, ಮುಂದಿನ ಮೂರು ತಿಂಗಳು ಲಾಡಿಗೆ ಎಷ್ಟು ಬಣ್ಣ, ಉಪ್ಪಿನಕಾಯಿ ಕೆಡದಂತೆ ಎಷ್ಟು ಪುಡಿ, ಹಪ್ಪಳಕ್ಕೆ ಎಷ್ಟು ಸೋಡಾ ಎಂದು ನಿಗದಿಯಾಗುತ್ತಿತ್ತು. ಬೇರೆ ಊರುಗಳಲ್ಲಿ ಇದಕ್ಕೆ ಕಾಗದದ ಮೇಲೆ ಒಬ್ಬ ಮನುಷ್ಯನನ್ನು ಇಟ್ಟುಕೊಂಡಿರುತ್ತಾರೆ. ಅವನ ತೂಕ ಯಾವಾಗಲೂ ಅರವತ್ತು ಕಿಲೋ. ನಮ್ಮ ಊರಿನವರು ಅವನನ್ನು ಒಪ್ಪಲಿಲ್ಲ. ಯಾರ ಮಗ, ಯಾರ ಮನೆಯಲ್ಲಿ ಉಣ್ಣುತ್ತಾನೆ ಎಂದು ಗೊತ್ತಿಲ್ಲದವನನ್ನು ನಂಬಿ ಮಕ್ಕಳ ಕೈಗೆ ಲಾಡು ಕೊಡುವುದು ಹೇಗೆ ಎಂದರಂತೆ.

ದಿವಾಕರ ಆರು ವರ್ಷವೂ ಅರವತ್ತೆರಡು ಕಿಲೋ ಇದ್ದ. ಒಂದು ಸಲ ಟೈಫಾಯ್ಡ್ ಬಂದು ಎದ್ದಾಗಲೂ ಅರವತ್ತೆರಡೇ ಇದ್ದ. ಊರಿನವರು ಅವನನ್ನು ಗಡಿಯಾರದ ಗೋಪುರದಷ್ಟು ನಂಬುತ್ತಿದ್ದರು.

ಒಂದು ಬುಧವಾರ ಬೆಳಿಗ್ಗೆ ಕ್ಷೌರದಂಗಡಿಯ ಕುರ್ಚಿಯಲ್ಲಿ, ಎಡಗೆನ್ನೆ ಮುಗಿದು ಬಲಗೆನ್ನೆಗೆ ನೊರೆ ಹಚ್ಚುವಷ್ಟರಲ್ಲಿ ಅವನು ತೀರಿಕೊಂಡ. ಅವನಿಗೆ ಮೂವತ್ತಾರು, ನನಗೆ ಮೂವತ್ತೊಂದು. ಕ್ಷೌರದವರು ಬಲಗೆನ್ನೆಯನ್ನೂ ಮುಗಿಸಿಯೇ ಕಳಿಸಿಕೊಟ್ಟರು. ಇದರ ಬಗ್ಗೆ ನನಗೆ ಹೆಚ್ಚು ಬರೆಯಲು ಬರುವುದಿಲ್ಲ.

ಹನ್ನೊಂದನೆಯ ದಿನ ತೂಕದ ಕಚೇರಿಯ ಮೇಲ್ವಿಚಾರಕರಾದ ಮುಕುಂದರಾಯರು ಮನೆಗೆ ಬಂದರು. ಚಾಪೆಯ ತುದಿಯಲ್ಲಿ ಕುಳಿತು ಬಹಳ ಹೊತ್ತು ತಮ್ಮ ಕೊಡೆಯ ಹಿಡಿಕೆಯನ್ನೇ ನೋಡಿದರು. ಆಮೇಲೆ ಅನುಕಂಪದ ಆಧಾರದ ಮೇಲೆ ನನಗೊಂದು ಹುದ್ದೆಯಿದೆ ಎಂದರು. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ, ಕಚೇರಿಯ ಪ್ರಯೋಗಾಲಯದಲ್ಲಿ ಜಾಗ ಇದ್ದರೆ ಒಳ್ಳೆಯದು ಎಂದೆ. ಪ್ರಯೋಗಾಲಯದಲ್ಲಿ ಈಗಾಗಲೇ ಒಬ್ಬರು ಇದ್ದಾರೆ, ಸಂಗೀತದಲ್ಲಿ ಬಿ.ಎ., ಕೈ ನಡುಗುವುದಿಲ್ಲ, ಯಾರೂ ದೂರು ಕೊಟ್ಟಿಲ್ಲ ಎಂದು ರಾಯರು ಹೇಳಿದರು.

"ನೋಡಮ್ಮ, ಅನುಕಂಪ ಅನ್ನೋದು ಅದೇ ಹುದ್ದೆಗೆ ಮಾತ್ರ ಬರೋದು. ಗುಮಾಸ್ತರು ಹೋದ್ರೆ ಗುಮಾಸ್ತಗಿರಿ. ಅಳತೆಯವರು ಹೋದ್ರೆ ಅಳತೆ."

ಹೀಗೆ ನಾನು ಊರಿನ ಅಳತೆಯವಳಾದೆ.

ಅಳತೆಯವರಿಗೆ ಯಾರೂ ತಿನ್ನು ಎನ್ನಬಾರದು. ತಿನ್ನಬೇಡ ಎಂದೂ ಎನ್ನಬಾರದು. ಅಂದವರು ಅಂಗಡಿಯವರಾದರೆ ಮೂರು ತಿಂಗಳು ಬೀಗ, ಮನೆಯವರಾದರೆ ದಂಡ. ಬಾಯಿ ತಪ್ಪಿ ಏನಾದರೂ ಬಂದೀತೆಂದು ಜನ "ಊಟ ಆಯ್ತಾ" ಎಂದು ಕೂಡ ಕೇಳುತ್ತಿರಲಿಲ್ಲ. ದಿವಾಕರ ಬೀದಿಯಲ್ಲಿ ಎದುರಾದರೆ "ನಲ್ಲಿ ಬಂತಾ" ಎನ್ನುತ್ತಿದ್ದರು. ಆರು ವರ್ಷದಲ್ಲಿ ಅದು ನಮ್ಮ ಮನೆಗೇ ಅಂಟಿಕೊಂಡ ಅಭ್ಯಾಸವಾಗಿತ್ತು. ಸಾವಿನ ಮನೆಯಲ್ಲಿ ಅಕ್ಕಪಕ್ಕದವರು ಬಲವಂತ ಮಾಡಿ ನಾಲ್ಕು ತುತ್ತು ನುಂಗಿಸುವುದು ಎಲ್ಲ ಕಡೆಯೂ ಇರುವ ಪದ್ಧತಿ. ನಮ್ಮ ಮನೆಗೆ ಬಂದವರು ಕುಳಿತರು, ಅತ್ತರು, ನಲ್ಲಿ ಬಂತಾ ಎಂದು ಕೇಳಿದರು, ಎದ್ದು ಹೋದರು. ಕಿಟಕಿಯ ಕಟ್ಟೆಯ ಮೇಲೆ ಡಬ್ಬಿಗಳನ್ನು ಇಟ್ಟು ಹೋಗುತ್ತಿದ್ದರು. ಅದರೊಳಗೆ ಏನಿದೆ ಎಂದು ಯಾರೂ ಹೇಳಲಿಲ್ಲ, ನಾನೂ ತೆರೆಯಲಿಲ್ಲ. ಹಸಿವು ಯಾರಾದರೂ ನೆನಪಿಸಿದರೆ ಬರುವ ಸಂಗತಿ ಎಂದು ನನಗೆ ಆಗ ತಿಳಿಯಿತು.

ಮೊದಲ ತೂಕದ ದಿನ ಐವತ್ತೆರಡು ಬಂದೆ. ಊರು ಅರವತ್ತೆರಡರಿಂದ ಐವತ್ತೆರಡಕ್ಕೆ ಇಳಿಯಿತು. ಬಸ್‌ಸ್ಟ್ಯಾಂಡಿನ ಮೂಲೆಯ ಮಿಠಾಯಿ ಅಂಗಡಿಯ ಚೆಲುವಕ್ಕನ ಬೂಂದಿ ಲಾಡು ಸ್ವಲ್ಪ ಮಂಕಾಯಿತು. ಮದುವೆಯವರು ಮುಖ ಸಿಂಡರಿಸಿದರೂ ತೆಗೆದುಕೊಂಡು ಹೋದರು. ಮೂರು ತಿಂಗಳ ನಂತರ ಎರಡನೆಯ ಸಲ ನಿಂತಾಗ ಮುಳ್ಳು ನಲವತ್ತಾರರಲ್ಲಿ ನಿಂತಿತು. ಮುಕುಂದರಾಯರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಅವರ ಕೈಯಲ್ಲಿದ್ದ ಪಟ್ಟಿಯಲ್ಲಿ ಐವತ್ತರ ಕೆಳಗೆ ಒಂದೇ ಅಂಕಣವಿತ್ತು. ಅದರ ತಲೆಬರಹ "ಮಕ್ಕಳು" ಎಂದಿತ್ತು. ಪಟ್ಟಿ ಮಾಡಿದವರಿಗೆ ಅಷ್ಟು ಹಗುರವಾದ ದೊಡ್ಡವರು ಇರಬಹುದೆಂದು ಹೊಳೆದಿರಲಿಲ್ಲ.

ಅಂದಿನಿಂದ ಇಡೀ ಊರು ಮಕ್ಕಳ ಅಂಕಣಕ್ಕೆ ಸೇರಿತು. ಬಣ್ಣ ಸೊನ್ನೆ. ಕೆಡದಂತೆ ಕಾಯುವ ಪುಡಿ ಸೊನ್ನೆ. ಮಕ್ಕಳಿಗೆ ಕಾಫಿ ಮಾರಬಾರದೆಂದು ಅದೇ ಅಂಕಣದಲ್ಲಿದ್ದುದರಿಂದ ಹೋಟೆಲುಗಳಲ್ಲಿ ಎಲ್ಲರಿಗೂ ರಾಗಿ ಮಾಲ್ಟ್ ಕೊಡತೊಡಗಿದರು. ಕೋರ್ಟಿನ ವಕೀಲರು ಮಾಲ್ಟ್ ಕುಡಿದು ವಾದ ಮಾಡಿದರು; ವಾದಗಳು ಉದ್ದವಾದವು, ಜಗಳ ಕಡಿಮೆಯಾಯಿತು. ಆರೆಂಜ್ ಸೋಡಾ, ನಿಂಬೆ ಸೋಡಾ, ದ್ರಾಕ್ಷಿ ಸೋಡಾ ಮೂರೂ ನೀರಿನಂತೆ ಕಾಣುತ್ತಿದ್ದುದರಿಂದ ಅಂಗಡಿಯವನು ಬಾಟಲಿಯ ಕೊರಳಿಗೆ ಬಣ್ಣದ ದಾರ ಕಟ್ಟಿದ. ಡಬ್ಬಿಯ ಬಟಾಣಿ ತನ್ನ ಸ್ವಂತ ಬಣ್ಣಕ್ಕೆ ಬಂದಾಗ ಹೆಂಗಸರು ಕೊಳೆತಿದೆಯೆಂದು ವಾಪಸು ಕೊಟ್ಟರು. ಉಪ್ಪಿನಕಾಯಿಯವರು ಪುಡಿಯ ಬದಲು ಎರಡರಷ್ಟು ಉಪ್ಪು ಸುರಿದರು. ಉಪ್ಪು ರಾಸಾಯನಿಕವಲ್ಲ ಎಂದು ಊರು ಬಹಳ ಹಿಂದೆಯೇ ತೀರ್ಮಾನಿಸಿತ್ತು.

ಚೆಲುವಕ್ಕನ ಲಾಡು ಕಡಲೆಹಿಟ್ಟಿನ ಸೋತ ಬಣ್ಣಕ್ಕೆ ಬಂತು. ಅರಿಶಿನ ಹಾಕಿ ನೋಡಿದಳು, ಲಾಡು ಸಾರಿನ ವಾಸನೆ ಹೊಡೆಯಿತು. ಒಂದು ಮದುವೆಯಲ್ಲಿ ಗಂಡಿನ ಕಡೆಯವರು ಲಾಡಿನ ಬುಟ್ಟಿ ನೋಡಿ ಹೆಣ್ಣಿನ ಮನೆಯಲ್ಲಿ ಸೂತಕವೇ ಎಂದು ಕೇಳಿದರಂತೆ. ಅದಾದ ಮೇಲೆ ಮದುವೆಯವರು ಅವಳ ಅಂಗಡಿಯ ಕಡೆ ತಲೆಹಾಕಲಿಲ್ಲ. ಆ ಅಂಗಡಿ ಮದುವೆಗಳಿಂದಲೇ ನಡೆಯುತ್ತಿತ್ತು. ಮುಂದಿನ ತೂಕಕ್ಕೆ ನಾನು ಐವತ್ತು ಮುಟ್ಟದಿದ್ದರೆ ಒಲೆ ಆರಿಸುತ್ತೇನೆಂದು ಅವಳು ಬೀದಿಗೆಲ್ಲ ಹೇಳಿದಳು. ನನಗೆ ಮಾತ್ರ ಹೇಳಲಿಲ್ಲ. ಹೇಳಿದರೆ ತಿನ್ನು ಎಂದಂತಾಗುತ್ತಿತ್ತು.

ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಬೇರೆ. ಒಂದು ಬಣ್ಣ ಎಷ್ಟು ತಿಂದರೆ ಇಲಿಗೆ ಏನೂ ಆಗುವುದಿಲ್ಲ ಎಂದು ಮೊದಲು ನೋಡುತ್ತಾರೆ. ಆಮೇಲೆ ಅದನ್ನು ನೂರರಿಂದ ಭಾಗಿಸುತ್ತಾರೆ. ಮನುಷ್ಯ ಇಲಿಯಲ್ಲವೆಂದು ಹತ್ತು, ಮನುಷ್ಯರೆಲ್ಲ ಒಂದೇ ತರಹವಲ್ಲವೆಂದು ಇನ್ನೊಂದು ಹತ್ತು. ಅಷ್ಟು ಕೆಳಗಿಳಿಸಿದ ಮೇಲೆ ನಾನು ಐವತ್ತೆರಡಿದ್ದರೂ ನಲವತ್ತಾರಿದ್ದರೂ ಯಾರ ಹೊಟ್ಟೆಗೂ ವ್ಯತ್ಯಾಸವಿಲ್ಲ. ಇದನ್ನು ಮುಕುಂದರಾಯರಿಗೆ ಒಮ್ಮೆ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿ, ನೂರು ಎನ್ನುವುದನ್ನು ಜನರಿಗೆ ಕಣ್ಣಿಂದ ನೋಡಲಾಗುವುದಿಲ್ಲ, ನಿಮ್ಮನ್ನು ನೋಡಬಹುದು ಎಂದರು.

ಜನ ನೋಡಿದರು. ನಾನು ಗ್ರಂಥಾಲಯಕ್ಕೆ ಹೋಗುವ ಹೊತ್ತಿಗೆ ಚೆಲುವಕ್ಕ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು, ನನಗೆ ಆಸೆಯಾಗಲೆಂದು ಬಿಸಿ ಬೂಂದಿಯನ್ನು ಕಣ್ಣುಮುಚ್ಚಿ ತಿನ್ನುತ್ತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆಯಿತ್ತು. ಅದು ಅವಳ ತ್ಯಾಗವೆಂದು ಎಲ್ಲರಿಗೂ ಗೊತ್ತಿತ್ತು. ವರ್ತಕರು ಒಟ್ಟಾಗಿ ನನಗೊಂದು ರಿಕ್ಷಾ ಗೊತ್ತುಮಾಡಿದರು, ನಡೆದರೆ ನಾನು ಕರಗುತ್ತೇನೆಂದು. ಇನ್ನೊಂದು ಕಡೆ ತಾಯಂದಿರ ಸಂಘವಿತ್ತು. ಅದರ ಅಧ್ಯಕ್ಷೆ ಫಿಲೋಮಿನಾ ಟೀಚರ್, ಕನ್ಯಾಶಾಲೆಯ ಹೆಡ್‌ಮಿಸ್ಟ್ರೆಸ್. ಊರು ಮಕ್ಕಳ ಅಂಕಣದಲ್ಲಿ ಇರುವುದೇ ಮಕ್ಕಳಿಗೆ ಒಳ್ಳೆಯದೆಂದು ಅವರ ವಾದ. ತಿನ್ನಬೇಡ ಎನ್ನುವ ಹಾಗಿಲ್ಲದ್ದರಿಂದ ಅವರು ನನ್ನನ್ನು ಸಂಜೆ ಶಾಲೆಯ ಮೈದಾನದಲ್ಲಿ ಐದು ಸುತ್ತು ನಡೆಯಲು ಕರೆಯುತ್ತಿದ್ದರು. ನಾನು ಇಬ್ಬರಿಗೂ ಹೂಂ ಎನ್ನುತ್ತಿದ್ದೆ. ರಿಕ್ಷಾದಲ್ಲಿ ಹೋಗಿ, ಐದು ಸುತ್ತು ನಡೆದು, ರಿಕ್ಷಾದಲ್ಲಿ ಬರುತ್ತಿದ್ದೆ.

ಮೂರನೆಯ ತೂಕಕ್ಕೆ ಆರು ವಾರ ಇದ್ದಾಗ ಚೆಲುವಕ್ಕನ ಲಾಡು ಹಳದಿಯಾಯಿತು. ದಿವಾಕರನ ಕಾಲದಲ್ಲಿಯೂ ಅಷ್ಟು ಹಳದಿ ಇರಲಿಲ್ಲ. ಸೇವಂತಿಗೆಯ ರಾಶಿಯಂತೆ ದೂರದಿಂದಲೇ ಕಾಣುತ್ತಿತ್ತು. ಕಚೇರಿಯವರು ಓಡಿ ಹೋಗಿ ಎರಡು ಲಾಡು ತಂದು ಪ್ರಯೋಗಾಲಯಕ್ಕೆ ಕೊಟ್ಟರು. ಸಂಗೀತದ ಬಿ.ಎ.ಯವರು ಏನನ್ನೋ ಗುನುಗುತ್ತಾ ಎರಡು ದಿನ ಪರೀಕ್ಷೆ ಮಾಡಿ, ಪಟ್ಟಿಯಲ್ಲಿರುವ ಹಳದಿ ಬಣ್ಣ ಇದರಲ್ಲಿ ಸೊನ್ನೆ ಎಂದು ಬರೆದುಕೊಟ್ಟರು. ಪಟ್ಟಿಯಲ್ಲಿಲ್ಲದ್ದನ್ನು ಹುಡುಕಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಇಷ್ಟು ಶುದ್ಧವಾದ ಹಳದಿಯನ್ನು ತಮ್ಮ ಸೇವಾವಧಿಯಲ್ಲಿ ನೋಡಿಲ್ಲವೆಂದು ಮುಕುಂದರಾಯರು ಪ್ರಮಾಣಪತ್ರ ಕೊಟ್ಟರು. ತಾಯಂದಿರ ಸಂಘ ಚೆಲುವಕ್ಕನಿಗೆ ಶಾಲು ಹೊದೆಸಿತು. ಕನ್ಯಾಶಾಲೆಯ ಆಟೋಟದ ದಿನ ಓಡಿದವರಿಗೆಲ್ಲ ಅದೇ ಲಾಡು ಹಂಚಿದರು. ಮದುವೆಯವರು ಮತ್ತೆ ಸಾಲು ನಿಂತರು.

ಫಿಲೋಮಿನಾ ಟೀಚರ್ ಆ ಸಂಜೆ ಮೈದಾನದಲ್ಲಿ ನನಗೂ ಒಂದು ಕೊಟ್ಟರು. ಕೊಡುವಾಗ, ಇದು ನೋಡುವುದಕ್ಕೆ ಮಾತ್ರ ಎಂದರು. ನಾನು ಮನೆಗೆ ತಂದು ನೋಡಿದೆ. ಕೈಗೆ ಹಳದಿ ಹತ್ತಿತ್ತು. ಸೋಪಿಗೆ ಹೋಗಲಿಲ್ಲ, ಹುಣಸೆಹಣ್ಣಿಗೆ ಹೋಗಲಿಲ್ಲ. ಐದು ತಿಂಗಳಿಂದ ನನ್ನ ಮನಸ್ಸಿಗೆ ಯಾವ ಪ್ರಶ್ನೆಯೂ ಬಂದಿರಲಿಲ್ಲ. ಆಗ ಒಂದು ಬಂತು. ಲಾಡಿನ ಚೂರನ್ನು ಬಿಸಿನೀರಿನಲ್ಲಿ ಕದಡಿ, ಬಚ್ಚಲು ತೊಳೆಯುವ ಆಸಿಡ್ಡನ್ನು ನಾಲ್ಕು ಹನಿ ಬಿಟ್ಟೆ. ಹಳದಿ ನೀರು ಕಣ್ಣೆದುರಿಗೇ ಕಡುಗುಲಾಬಿಯಾಯಿತು. ತಿನ್ನುವ ಹಳದಿ ಹಾಗೆ ಆಗುವುದಿಲ್ಲ. ಬಟ್ಟೆಯ ಹಳದಿ ಆಗುತ್ತದೆ. ಮೊದಲ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನನಗೆ ಇದೇ ಬಂದಿತ್ತು.

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹೋದೆ. ಚೆಲುವಕ್ಕ ಒಳಗೆ ಬೂಂದಿ ಕರಿಯುತ್ತಿದ್ದಳು. ಬಣ್ಣ ಎಲ್ಲಿಂದ ತಂದದ್ದೆಂದು ಕೇಳಿದೆ. ಜರಡಿ ತಟ್ಟುವುದನ್ನು ಅವಳು ನಿಲ್ಲಿಸಲಿಲ್ಲ.

"ಸೀರೆಗೆ ಬಣ್ಣ ಹಾಕ್ತಾರಲ್ಲ, ಅವ್ರ ಹತ್ರ. ಸೀರೆ ಉಟ್ಕೊಂಡವ್ರು ಯಾರಾದ್ರೂ ಸತ್ತವ್ರಾ?"

"ಉಡೋದು ಬೇರೆ, ತಿನ್ನೋದು ಬೇರೆ, ಚೆಲುವಕ್ಕ."

"ನಿಮ್ಮ ಆಫೀಸಿನವ್ರೇ ಸೊನ್ನೆ ಅಂತ ಬರ್ದು ಕೊಟ್ಟವ್ರೆ. ಫ್ರೇಮು ಹಾಕ್ಸಿವ್ನಿ, ತಲೆ ಎತ್ತಿ ನೋಡು."

ತಲೆ ಎತ್ತಿ ನೋಡಿದೆ. ಪ್ರಮಾಣಪತ್ರ ಗಣಪತಿಯ ಪಟದ ಪಕ್ಕದಲ್ಲಿ, ಹೂವಿನ ಹಾರದೊಂದಿಗೆ ಇತ್ತು. ಪಟ್ಟಿಯಲ್ಲಿರುವ ಬಣ್ಣ ಅಮೃತವೇನಲ್ಲ, ಅದನ್ನು ಯಾರೋ ಕುಳಿತು ಅಳೆದಿದ್ದಾರೆ, ಅಷ್ಟೇ ಎಂದು ಹೇಳಿದೆ. ಈ ಸೀರೆಯ ಬಣ್ಣವನ್ನು ತಿನ್ನುವುದಕ್ಕೆಂದು ಯಾರೂ ಒಪ್ಪಿಲ್ಲ. ಇಲಿಗಳಿಗೆ ಕೊಟ್ಟು ನೋಡಿದಾಗ ಒಳ್ಳೆಯದೇನೂ ಆಗಲಿಲ್ಲ. ಒಂದು ಲಾಡಿನಿಂದ ಒಂದು ದಿನದಲ್ಲಿ ಏನೂ ಕಾಣದೆ ಇರಬಹುದು, ವಾರಕ್ಕೆರಡು ತಿನ್ನುವ ಮಗುವಿನ ಒಳಗೆ ವರ್ಷದ ನಂತರ ಏನಿರುತ್ತದೆ ಎಂದು ನಾನು ಹೇಳಲಾರೆ. ಹೀಗೆ ಒಂದೇ ಉಸಿರಿಗೆ ಅಷ್ಟು ಮಾತಾಡಿ ಬಹಳ ದಿನವಾಗಿತ್ತು. ಚೆಲುವಕ್ಕ ಒಲೆ ಸಣ್ಣ ಮಾಡಿ ನನ್ನ ಕಡೆ ತಿರುಗಿದಳು.

"ನನ್ನ ಅಂಗಡಿ ಮೂವತ್ತು ವರ್ಷದ್ದು ಕಣವ್ವ. ಒಂದಿನ ಒಬ್ಬರಿಗೆ ಹೊಟ್ಟೆ ಕೆಟ್ಟಿಲ್ಲ. ನೀನು ಉಣ್ಣಲಿಲ್ಲ, ನಾನು ಇದನ್ನ ಹಾಕ್ದೆ."

ಹೇಳಿದವಳು ತಟ್ಟನೆ ಬಾಯಿ ಮುಚ್ಚಿಕೊಂಡಳು. ಇಬ್ಬರೂ ಬಾಗಿಲ ಕಡೆ ನೋಡಿದೆವು. ಯಾರೂ ಇರಲಿಲ್ಲ. ತಾನು ಅಂದದ್ದು ಉಣ್ಣಲಿಲ್ಲ ಎಂದೇ ಹೊರತು ಉಣ್ಣು ಎಂದಲ್ಲವೆಂದು ಅವಳು ಮೆಲ್ಲಗೆ ತಿದ್ದಿಕೊಂಡಳು. ನಾನು ಹೌದೆಂದೆ.

ಆಮೇಲೆ ಅವಳು ಎಣ್ಣೆಕೈಯನ್ನು ಸೆರಗಿಗೆ ಒರೆಸಿಕೊಂಡು, ನಿನ್ನ ಗಂಡ ಬಲ್ಲವನಾಗಿದ್ದ ಎಂದಳು. ಏನು ಬಲ್ಲವನೆಂದು ಕೇಳಿದೆ. ತೂಕದ ದಿನ ಬೆಳಿಗ್ಗೆ ಬೇಗ ಬಂದು ದಿವಾಕರ ಅಂಗಡಿಯ ಹಿಂಬಾಗಿಲಲ್ಲಿ ನಿಲ್ಲುತ್ತಿದ್ದನಂತೆ. ಬೆಲ್ಟಿನ ತೂತು ನೋಡಿಕೊಂಡು ಎಷ್ಟು ಕಡಿಮೆಯಿದ್ದೇನೆಂದು ತಾನೇ ಲೆಕ್ಕ ಹಾಕುತ್ತಿದ್ದನಂತೆ. ಇವಳು ಏನೂ ಅನ್ನದೆ ತಟ್ಟೆ ಇಡುತ್ತಿದ್ದಳಂತೆ. ಒಂದು ಸಲ ಐದು ಲಾಡು, ಒಂದು ಸಲ ಎಂಟು, ಟೈಫಾಯ್ಡ್ ಆದ ಸಲ ಇಪ್ಪತ್ತೊಂದು ಲಾಡು ಮತ್ತು ಎರಡು ಚೊಂಬು ಮಜ್ಜಿಗೆ. ತೂಕದ ಯಂತ್ರದ ಮೇಲೆ ಅವನು ಉಸಿರಾಡದೆ ನಿಲ್ಲುತ್ತಿದ್ದುದನ್ನು ನಾನು ಶಿಸ್ತು ಎಂದುಕೊಂಡಿದ್ದೆ. ಆ ದಿನಗಳಲ್ಲಿ ಮನೆಗೆ ಬಂದು ನಾನು ಮಾಡಿದ ಅನ್ನ ಸಾರನ್ನೂ ಪೂರ್ತಿ ಊಟ ಮಾಡುತ್ತಿದ್ದ. ಎರಡನೆಯ ಸಲ ಬಡಿಸಿದರೆ ಬೇಡವೆನ್ನುತ್ತಿರಲಿಲ್ಲ.

ಕಡಲೆಹಿಟ್ಟಿನ ಡಬ್ಬದ ಮೇಲೆ ಸ್ವಲ್ಪ ಹೊತ್ತು ಕುಳಿತೆ. ಚೆಲುವಕ್ಕ ನನ್ನನ್ನು ಹಾಗೇ ಬಿಟ್ಟು ಬೂಂದಿ ಬಸಿದಳು. ಕಚೇರಿಗೆ ತಿಳಿಸಿದರೆ ಅವಳು ಜೈಲಿಗೆ ಹೋಗುತ್ತಾಳೆ. ತಿಳಿಸದಿದ್ದರೆ ಶಾಲೆಯ ಮಕ್ಕಳು ಸೀರೆಯ ಬಣ್ಣ ತಿನ್ನುತ್ತಾರೆ. ಎದ್ದು ನಿಂತು, ಆ ಪುಡಿಯನ್ನು ಈಗಲೇ ನನ್ನ ಎದುರಿಗೆ ಸುರಿಯಬೇಕೆಂದೆ.

"ಸುರಿದ್ರೆ ಒಲೆ ಆರ್ತದೆ."

"ಮುಂದಿನ ತೂಕಕ್ಕೆ ಐವತ್ತು ಬರ್ತೀನಿ."

ಚೆಲುವಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮಿಠಾಯಿ ಮಾಡುವವರಿಗೆ ಕಣ್ಣೇ ತಕ್ಕಡಿ. ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಆದರೂ ಅಟ್ಟದ ಮೇಲಿಂದ ಪೊಟ್ಟಣ ತೆಗೆದು ಹಿಂದಿನ ಚರಂಡಿಗೆ ಸುರಿದಳು. ಮೂರು ದಿನ ಆ ಬೀದಿಯ ಚರಂಡಿ ಮದುವೆಮನೆಯಂತೆ ಹಳದಿಯಾಗಿ ಹರಿಯಿತು. ಕಚೇರಿಯವರು ಅದರ ನೀರನ್ನೂ ಬಾಟಲಿಯಲ್ಲಿ ಹಿಡಿದುಕೊಂಡು ಹೋದರು. ಪಟ್ಟಿಯ ಬಣ್ಣ ಸೊನ್ನೆ ಎಂದು ಬಂತು.

ಲಾಡು ಮತ್ತೆ ಸೋತ ಬಣ್ಣಕ್ಕೆ ಬಂದಾಗ ಗಲಾಟೆ ಮಾಡಿದವರು ತಾಯಂದಿರ ಸಂಘದವರು. ರಾಸಾಯನಿಕವಿಲ್ಲದ ಹಳದಿಯನ್ನು ಚೆಲುವಕ್ಕ ದುಡ್ಡಿದ್ದವರಿಗೆ ಮುಚ್ಚಿಟ್ಟಿದ್ದಾಳೆಂದು ಅವರ ಅನುಮಾನ. ಶಾಲು ವಾಪಸು ಕೇಳಲು ಇಬ್ಬರು ಬಂದಿದ್ದರಂತೆ. ಚೆಲುವಕ್ಕ ಕೊಡಲಿಲ್ಲ.

ನಾನು ತಿನ್ನಲು ತೊಡಗಿದೆ. ಪ್ರಯೋಗಾಲಯದ ಕೆಲಸದಂತೆ ಹೊತ್ತು ಗೊತ್ತುಮಾಡಿಕೊಂಡೆ. ಬೆಳಿಗ್ಗೆ ಆರಕ್ಕೆ ಎರಡು ಬಾಳೆಹಣ್ಣು, ಎಂಟಕ್ಕೆ ಉಪ್ಪಿಟ್ಟು, ಹತ್ತಕ್ಕೆ ಶೇಂಗಾ ಚಿಕ್ಕಿ, ಹನ್ನೆರಡಕ್ಕೆ ಮುದ್ದೆ, ಎರಡಕ್ಕೆ ಮೊಸರನ್ನ, ಹೀಗೆ. ಉಪ್ಪು ಹೆಚ್ಚೋ ಕಡಿಮೆಯೋ ತಿಳಿಯುತ್ತಿರಲಿಲ್ಲ. ಅಗಿದು ನುಂಗುವುದು ಮಾತ್ರ ನನ್ನ ಪಾಲಿನ ಕೆಲಸ ಎಂದುಕೊಂಡೆ. ಕಿಟಕಿಯ ಕಟ್ಟೆಯ ಡಬ್ಬಿಗಳನ್ನೂ ತೆರೆಯತೊಡಗಿದೆ. ತೊಳೆದು ಅಲ್ಲೇ ಇಟ್ಟರೆ ಸಂಜೆಗೆ ತುಂಬಿರುತ್ತಿದ್ದವು. ಮೈದಾನಕ್ಕೆ ಇನ್ನು ಬರುವುದಿಲ್ಲವೆಂದು ಫಿಲೋಮಿನಾ ಟೀಚರಿಗೆ ಹೇಳಿದೆ. ಕಾರಣ ಕೇಳಿದರು. ಕಾಲು ನೋವು ಎಂದೆ. ಅವರು ನನ್ನ ಕಾಲನ್ನು ನೋಡಲಿಲ್ಲ, ಕೆನ್ನೆಗಳನ್ನು ನೋಡಿದರು. ನನ್ನ ತೂಕ ಎಷ್ಟಾಗಿದೆ ಎಂದು ನನಗೇ ಗೊತ್ತಿರಲಿಲ್ಲ. ಅಳತೆಯವರು ತೂಕದ ದಿನದ ಹೊರತು ಬೇರೆಲ್ಲೂ ತೂಗಿಕೊಳ್ಳುವ ಹಾಗಿಲ್ಲ.

ತೂಕದ ದಿನ ಬೆಳಿಗ್ಗೆ ದಿವಾಕರನ ದಾರಿಯಲ್ಲೇ ಹೋಗೋಣವೆಂದು ಚೆಲುವಕ್ಕನ ಹಿಂಬಾಗಿಲಿಗೆ ಹೋದೆ. ಅಲ್ಲಿ ತಾಯಂದಿರ ಸಂಘದ ಇಬ್ಬರು ಮೆಟ್ಟಿಲ ಮೇಲೆ ಕುಳಿತು ಸ್ವೆಟರ್ ಹೆಣೆಯುತ್ತಿದ್ದರು. ಹಿಂಬಾಗಿಲಿನ ಕಥೆ ಫಿಲೋಮಿನಾ ಟೀಚರಿಗೆ ಹೇಗೋ ತಲುಪಿತ್ತು. ಇಬ್ಬರೂ ನನ್ನನ್ನು ನೋಡಿ ನಲ್ಲಿ ಬಂತಾ ಎಂದರು. ಬಂತು ಎಂದು ಹೇಳಿ ಮುಂದೆ ನಡೆದೆ.

ಕಾಳುಮಂಡಿಯ ಅಂಗಳದಲ್ಲಿ ಅರ್ಧ ಊರು ಇತ್ತು. ಚೆಲುವಕ್ಕ ಒಂದು ಬುಟ್ಟಿ ಲಾಡು ತಂದು ಮಾರಾಟಕ್ಕೆ ಕುಳಿತಿದ್ದಳು, ಜನ ಸೇರುವ ದಿನ ಅಲ್ಲವೇ ಎಂದು. ಯಾರೂ ಕೊಳ್ಳುತ್ತಿರಲಿಲ್ಲ. ನಾನು ಚಪ್ಪಲಿ ಬಿಟ್ಟು ಯಂತ್ರದ ಮೇಲೆ ಹತ್ತಿದೆ. ಮುಳ್ಳು ಓಡಿ, ತೂಗಾಡಿ, ನಲವತ್ತೊಂಬತ್ತೂವರೆಯ ಹತ್ತಿರ ನಡುಗುತ್ತಾ ನಿಂತಿತು. ಅರ್ಧ ಕಿಲೋ. ಪಟ್ಟಿಯಲ್ಲಿ ಅರ್ಧಕ್ಕೆ ಜಾಗವಿಲ್ಲ, ಐವತ್ತಾಗದಿದ್ದರೆ ಮಕ್ಕಳು. ಗುಂಪಿನಲ್ಲಿ ಚೆಲುವಕ್ಕ ಕಾಣಿಸಿದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ. ಬುಟ್ಟಿಯ ಮೇಲೆ ಬಟ್ಟೆ ಮುಚ್ಚುತ್ತಿದ್ದಳು. ಒಲೆ ಆರಿಸುತ್ತಾಳೋ, ಸೀರೆ ಬಣ್ಣದವರ ಹತ್ತಿರ ಮತ್ತೆ ಹೋಗುತ್ತಾಳೋ ಎಂದು ಅವಳ ಕೈ ನೋಡಿ ಹೇಳಲಾಗಲಿಲ್ಲ.

ಮುಕುಂದರಾಯರು ಪೆನ್ನಿನ ಮುಚ್ಚಳ ತೆಗೆದರು.

"ರಾಯರೇ, ಬರೆದಾಯ್ತಾ?"

"ಇನ್ನೂ ಇಲ್ಲಮ್ಮ. ಮುಳ್ಳು ಪೂರ್ತಿ ನಿಲ್ಲಲಿ. ನಿಂತ ಮೇಲೇ ಬರೆಯೋದು."

"ಹಾಗಿದ್ರೆ ಒಂದು ನಿಮಿಷ. ಚೆಲುವಕ್ಕ, ನಂಗೆ ಒಂದು ಲಾಡು ಕೊಡಿ."

ರಾಯರು ನಿಯಮದ ಪುಸ್ತಕ ತೆಗೆದು ಮೊದಲಿನಿಂದ ಓದತೊಡಗಿದರು. ಅಳತೆಯವರಿಗೆ ಬೇರೆಯವರು ತಿನ್ನು ಎನ್ನಬಾರದೆಂದು ಇತ್ತು. ಅಳತೆಯವರೇ ಕೇಳಿದರೆ ಏನೆಂದು ಇರಲಿಲ್ಲ. ಚೆಲುವಕ್ಕ ಬುಟ್ಟಿ ಹೊತ್ತುಕೊಂಡು ಬಂದು ಒಂದು ಲಾಡನ್ನು ನನ್ನ ಅಂಗೈಯಲ್ಲಿಟ್ಟು ದೂರ ನಿಂತಳು. ತಿಂದೆ. ಇನ್ನೊಂದು ಕೇಳಿದೆ. ಅದನ್ನೂ ತಿಂದೆ. ನಾಲ್ಕನೆಯದರ ಹೊತ್ತಿಗೆ ಜನ ಹತ್ತಿರ ಬಂದು ಸುತ್ತ ನಿಂತಿದ್ದರು. ಯಾರೂ ಏನೂ ಹೇಳುವ ಹಾಗಿರಲಿಲ್ಲ. ಎಲ್ಲರ ಬಾಯಿ ಮಾತ್ರ ನನ್ನ ಬಾಯಿಯ ಜೊತೆ ಅಲ್ಲಾಡುತ್ತಿತ್ತು. ಐದು. ಆರು. ಏಳನೆಯದು ಗಂಟಲಲ್ಲಿ ನಿಂತು ನಿಧಾನವಾಗಿ ಇಳಿಯಿತು. ಮುಳ್ಳು ಐವತ್ತರ ಗೆರೆಗೆ ಒಂದು ಕೂದಲಷ್ಟು ಈಚೆ ಇತ್ತು.

ಎಂಟನೆಯದು ಬಾಯಿಯಲ್ಲಿದ್ದಾಗ ಬಿಕ್ಕಳಿಕೆ ಹತ್ತಿತು. ನುಂಗಲಾಗಲಿಲ್ಲ, ಉಗುಳಲಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ಬಿಕ್ಕಿದಾಗಲೆಲ್ಲ ಮುಳ್ಳು ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು. ಗುಂಪನ್ನು ಸರಿಸಿಕೊಂಡು ಫಿಲೋಮಿನಾ ಟೀಚರ್ ಬಂದರು. ತಮ್ಮ ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಶಾಲೆಯ ಮಕ್ಕಳಿಗೆ ಹಿಡಿಯುವಂತೆ ನನ್ನ ಬಾಯಿಗೆ ಹಿಡಿದರು. ಇನ್ನೊಂದು ಕೈಯಿಂದ ಬೆನ್ನು ತಟ್ಟಿದರು. ಗಟಗಟನೆ ಕುಡಿದೆ. ಅರ್ಧ ಬಾಟಲಿ ಮುಗಿಯಿತು. ಬಿಕ್ಕಳಿಕೆ ನಿಂತಿತು. ಟೀಚರ್ ಕೈ ತೆಗೆದರು. ಮುಳ್ಳು ತೂಗಾಡಿ, ಐವತ್ತರ ಗೆರೆ ದಾಟಿ, ಆಚೆಗೆ ನಿಂತಿತು.

ಎಲ್ಲರೂ ಟೀಚರನ್ನು ನೋಡಿದರು. ಅವರು ಮುಳ್ಳನ್ನು ನೋಡಿದರು, ಕೈಯಲ್ಲಿದ್ದ ಬಾಟಲಿಯನ್ನು ನೋಡಿದರು. ಅವರ ಸಂಘದವರೊಬ್ಬರು, ಏನು ಮಾಡಿಬಿಟ್ಟಿರಿ ಎಂದು ಮೆಲ್ಲಗೆ ಕೇಳಿದರು.

"ಬಿಕ್ಕಳಿಕೆ ಬಂದವರಿಗೆ ನೀರು ಕೊಡ್ದೆ ಇರೋದಕ್ಕಾಗತ್ತೇನ್ರಿ?" ಎಂದು ಟೀಚರ್ ಬಾಟಲಿಯ ಮುಚ್ಚಳವನ್ನು ಅಗತ್ಯಕ್ಕಿಂತ ಬಿಗಿಯಾಗಿ ತಿರುಗಿಸಿದರು.

ನೀರಿನ ಬಗ್ಗೆಯೂ ಪುಸ್ತಕದಲ್ಲಿ ಏನೂ ಇರಲಿಲ್ಲ. ಮುಕುಂದರಾಯರು ಐವತ್ತು ಎಂದು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದು, ನನ್ನಿಂದ ಸಹಿ ಹಾಕಿಸಿಕೊಂಡರು. ಹಿಂದೆ ಎಲ್ಲೋ ವಕೀಲರೊಬ್ಬರು ಹೋಟೆಲಿನವನಿಗೆ ಎರಡು ಕಾಫಿ ಎಂದು ಕೂಗಿದರು. ನನಗೆ ಯಂತ್ರದಿಂದ ಇಳಿಯಲಾಗಲಿಲ್ಲ. ಹೊಟ್ಟೆ ಕಲ್ಲಿನಂತಾಗಿತ್ತು. ಚೆಲುವಕ್ಕ ಬುಟ್ಟಿ ಕೆಳಗಿಟ್ಟು ಬಂದು ನನ್ನ ಮೊಣಕೈ ಹಿಡಿದು ಇಳಿಸಿದಳು. ಏನೋ ಹೇಳಲು ಹೋಗಿ, ಹೇಳಬಹುದೋ ಬಾರದೋ ಎಂದು ತಿಳಿಯದೆ ಇನ್ನೊಂದು ಕೈಯಿಂದ ನನ್ನ ಸೆರಗಿನ ಮೇಲಿದ್ದ ಲಾಡಿನ ಪುಡಿ ಕೊಡವಿದಳು.

"ಚೆಲುವಕ್ಕ, ಪಾಕ ಸ್ವಲ್ಪ ಗಟ್ಟಿಯಾಗಿದೆ," ಎಂದೆ. "ಏಲಕ್ಕಿನೂ ಜಾಸ್ತಿ."

ಮೂವತ್ತು ವರ್ಷದಲ್ಲಿ ಅವಳಿಗೆ ಯಾರೂ ಹಾಗೆ ಹೇಳಿರಲಾರರು. ನನ್ನ ಮೊಣಕೈಯನ್ನು ಅಲ್ಲೇ ಬಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

"ಎಂಟು ತಿಂದ್ಮೇಲೆ ಗೊತ್ತಾಯ್ತೇನೇ?"

"ಇಲ್ಲ," ಎಂದೆ. "ಮೊದಲ್ನೇದ್ರಲ್ಲೇ ಗೊತ್ತಾಯ್ತು."